ಸಿಪ್ಪೆ ಬಿಡದ ಮೊಟ್ಟೆ: ಏಳು ವಾರಗಳ ಅಡುಗೆಮನೆ ದಾಖಲೆ

ಮನೆಗೆ ಒಂಬತ್ತು ಮಂದಿ ನೆಂಟರು ಬರುವವರಿದ್ದ ಒಂದು ಭಾನುವಾರ, ನೀರುದೋಸೆಯ ಹಿಟ್ಟು ರುಬ್ಬಿ ಇಟ್ಟಿದ್ದ ಹೊತ್ತಿನಲ್ಲಿ, ಮೊಟ್ಟೆ ಬೇಯಿಸಿ ಸುಲಿದುಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಅದು ಕೆಟ್ಟದ್ದರಿಂದಲೇ ಈ ದಾಖಲೆ ಹುಟ್ಟಿತು. ಬಳಸಿದ ಸಾಮಾನುಗಳು ಇಷ್ಟೆ: 3 ಲೀಟರಿನ ಅಲ್ಯೂಮಿನಿಯಂ ತಪ್ಪಲೆ, 3 ತಟ್ಟೆಗಳ ಸ್ಟೀಲ್ ಇಡ್ಲಿ ಪಾತ್ರೆ, ಜಾಲರಿ ಸೌಟು, ಅಡುಗೆ ತಕ್ಕಡಿ, ಫೋನಿನ ಸ್ಟಾಪ್‌ವಾಚ್, ಪೆನ್ಸಿಲ್ ಮತ್ತು ಅರ್ಧ ಖಾಲಿಯಿದ್ದ ಒಂದು ಹಳೆಯ ಡೈರಿ. ಊರು ಚಿಕ್ಕಮಗಳೂರು. ಊರಿನ ಹೆಸರನ್ನು ಸುಮ್ಮನೆ ಹೇಳಿದ್ದಲ್ಲ, ಬೇಯಿಸುವ ನಿಮಿಷಗಳ ಲೆಕ್ಕದಲ್ಲಿ ಅದು ಮತ್ತೆ ಬರುತ್ತದೆ.

ಡೈರಿಯಲ್ಲಿ ನಾನು ಇಟ್ಟುಕೊಂಡ ಗುರುತುಗಳು ಮೂರು. ಬಿಳಿಯ ಮೇಲೆ ಗೀರೂ ಇಲ್ಲದೆ ಸುಲಿದ ಮೊಟ್ಟೆ ‘ಸ್ವಚ್ಛ’. ಉಗುರಿನಗಲ ಅಥವಾ ಅದಕ್ಕಿಂತ ಕಡಿಮೆ ಕಿತ್ತು ಬಂದದ್ದು ‘ಗಾಯ’. ಅದಕ್ಕಿಂತ ಹೆಚ್ಚು ಕಿತ್ತುಹೋದದ್ದು ‘ಹಾಳು’.

ಹಂತ 1: ಜನವರಿ 5, 2025, ಭಾನುವಾರ

ಬೆಳಿಗ್ಗೆ ಏಳಕ್ಕೆ ಊರ ಹೊರಗಿನ ಕೋಳಿ ಫಾರಂಗೆ ಹೋಗಿ, ಹಿಂದಿನ ದಿನವಷ್ಟೇ ಇಟ್ಟ 30 ಮೊಟ್ಟೆಗಳ ಒಂದು ಟ್ರೇಯನ್ನು 195 ರೂಪಾಯಿಗೆ ತಂದೆ. ತಾಜಾ ಮೊಟ್ಟೆ ಸಿಕ್ಕಿತೆಂಬ ಹೆಮ್ಮೆಯೂ ಇತ್ತು. ಅದರಲ್ಲಿ 20 ಮೊಟ್ಟೆಗಳನ್ನು ತಪ್ಪಲೆಗೆ ಹಾಕಿ, ಅವು ಮುಳುಗಿ ಮೇಲೆ ಎರಡು ಬೆರಳಷ್ಟು ನಿಲ್ಲುವಂತೆ ನಲ್ಲಿಯ ತಣ್ಣೀರು ಸುರಿದು, ಒಲೆಯ ಮೇಲಿಟ್ಟೆ. ಕುದಿ ಬಂದ ಮೇಲೆ 15 ನಿಮಿಷ ಬೇಯಿಸಿ, ನೀರು ಬಸಿದು, ಮುಟ್ಟುವಷ್ಟು ಆರಲೆಂದು ಹಾಗೆಯೇ ಬಿಟ್ಟೆ.

ಮೊದಲನೆಯ ಮೊಟ್ಟೆಯಲ್ಲಿಯೇ ಗ್ರಹಚಾರ ತಿಳಿಯಿತು. ಸಿಪ್ಪೆಯನ್ನು ಎತ್ತಿದರೆ ಅದರ ಒಳಪೊರೆ ಬಿಳಿಯನ್ನು ಬಿಡಲೊಲ್ಲದು. ಕಾಳಿನಷ್ಟು ಸಿಪ್ಪೆಗೆ ಕಡಲೆಬೇಳೆಯಷ್ಟು ಬಿಳಿ ಕಿತ್ತು ಬರುತ್ತಿತ್ತು. 20 ಮೊಟ್ಟೆ ಸುಲಿಯಲು 50 ನಿಮಿಷ ಹಿಡಿಯಿತು. ಸ್ವಚ್ಛ 5, ಗಾಯ 7, ಹಾಳು 8. ಹಾಳಾದ ಎಂಟನ್ನು ಸಾರಿನ ತಳದಲ್ಲಿ ಅಡಗಿಸಲು ಪ್ರಯತ್ನಿಸಿದೆನಾದರೂ ಸೌಟು ಹಾಕಿದವರಿಗೆಲ್ಲ ಅವೇ ಮೊದಲು ಸಿಕ್ಕವು. “ಇದೇನು, ಇಲಿ ಕಡಿದ ಹಾಗಿದೆಯಲ್ಲ?” ಎಂದು ನಾದಿನಿ ಕೇಳಿದ್ದನ್ನು ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಹಂತ 2: ಜನವರಿ 7ರಿಂದ 9, ಉಪ್ಪು, ವಿನೆಗರ್, ಸೋಡಾ

ಕೇಳಿದವರೆಲ್ಲ ನೀರಿಗೆ ಏನಾದರೊಂದನ್ನು ಹಾಕಲು ಹೇಳಿದರು. ಟ್ರೇಯಲ್ಲಿ ಉಳಿದಿದ್ದ 10 ಮೊಟ್ಟೆಗಳನ್ನು ಮೂರು ಮೂರಾಗಿ ಹಂಚಿ, ಕೊನೆಯ ಒಂದನ್ನು ಏನೂ ಹಾಕದ ನೀರಿನಲ್ಲಿ ಬೇಯಿಸಿದೆ. ಎಲ್ಲವೂ ಮೊದಲಿನಂತೆಯೇ ತಣ್ಣೀರಿನಿಂದ ಆರಂಭವಾದವು.

ಲೀಟರಿಗೆ 2 ದೊಡ್ಡ ಚಮಚ ಉಪ್ಪು ಹಾಕಿದ ಮೂರರಲ್ಲಿ ಸುಲಿತದ ಮಟ್ಟಿಗೆ ಒಂದಿಷ್ಟೂ ಬದಲಾವಣೆ ಇರಲಿಲ್ಲ. ಒಂದು ಮೊಟ್ಟೆ ಬಿರುಕು ಬಿಟ್ಟಾಗ ಹೊರಬಂದ ಬಿಳಿ ಬೇಗನೆ ಗಟ್ಟಿಯಾಗಿ ಬಿರುಕನ್ನು ಮುಚ್ಚಿತು, ಉಪ್ಪಿನಿಂದ ಆದ ಉಪಕಾರ ಅಷ್ಟೇ. 40 ರೂಪಾಯಿಯ ಬಾಟಲಿಯಿಂದ 3 ಚಮಚ ವಿನೆಗರ್ ಹಾಕಿದಾಗ ಸಿಪ್ಪೆಯ ಮೇಲೆಲ್ಲ ಸಣ್ಣ ಗುಳ್ಳೆಗಳು ಎದ್ದು, ಮೊಟ್ಟೆಗಳು ಸುಣ್ಣ ಕೆರೆದ ಗೋಡೆಯಂತೆ ಒರಟಾದವು. ಮನೆಯೆಲ್ಲ ಉಪ್ಪಿನಕಾಯಿ ಭರಣಿಯ ವಾಸನೆ ಹಿಡಿಯಿತು. ಒಳಪೊರೆ ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ. ಅರ್ಧ ಚಮಚ ಅಡುಗೆ ಸೋಡಾ ಹಾಕಿದ ಮೂರರಲ್ಲಿ ಎರಡು ಸ್ವಚ್ಛವಾಗಿ ಬಂದವು. ಇದೇ ಉತ್ತರವೆಂದು ಹಿಗ್ಗುವಷ್ಟರಲ್ಲಿ ತಪ್ಪಲೆಯ ಒಳಭಾಗ ನೀರು ನಿಂತಿದ್ದ ಮಟ್ಟದವರೆಗೆ ಕಪ್ಪಾಗಿದ್ದದ್ದು ಕಂಡಿತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಸೋಡಾ ಕುದಿಸಬಾರದೆಂಬ ಪಾಠ ನನಗೆ ಹೀಗೆ ದೊರೆಯಿತು. ಹುಣಸೆಹಣ್ಣು ಹಾಕಿ ಉಜ್ಜಿದರೂ ಆ ಗೆರೆ ಪೂರ್ತಿ ಹೋಗಿಲ್ಲ. ಮೊಟ್ಟೆಗೂ ಸೋಡಾದ ಸಣ್ಣ ವಗರು ತಗುಲಿತ್ತು.

ಏನೂ ಹಾಕದ ಆ ಒಂದು ಮೊಟ್ಟೆ ಹಾಳಾಯಿತು. ಆದರೆ ಒಂದೇ ಮೊಟ್ಟೆಯನ್ನು ಇಟ್ಟುಕೊಂಡು ಹೋಲಿಸಿದ್ದು ದಡ್ಡತನ. ಈ ಹಂತದ ಲೆಕ್ಕವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ.

ಹಂತ 3: ಜನವರಿ 11, ಪ್ರೆಶರ್ ಕುಕ್ಕರ್

ಬೀದಿಯ ಕೊನೆಯ ಅಂಗಡಿಯಿಂದ ತಲಾ 7 ರೂಪಾಯಿಯಂತೆ 20 ಮೊಟ್ಟೆ ತಂದೆ. ಆರನ್ನು ಕುಕ್ಕರಿನಲ್ಲಿ ಎರಡು ಲೋಟ ನೀರಿನೊಂದಿಗೆ ಇಟ್ಟು, ಒಂದು ಸೀಟಿ ಕೂಗಿಸಿ, ಆವಿ ತಾನಾಗಿ ಇಳಿಯುವವರೆಗೆ ಕಾದೆ. ಎರಡು ಒಡೆದು ಕುಕ್ಕರಿನ ತಳದಲ್ಲಿ ಬಿಳಿ ನೊರೆ ಮಾಡಿದ್ದವು. ಉಳಿದ ನಾಲ್ಕರ ಸಿಪ್ಪೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಂದಿತಾದರೂ ಬಿಳಿ ರಬ್ಬರಿನಂತಾಗಿ, ಹಳದಿಯ ಸುತ್ತ ಬೂದುಹಸಿರು ಬಳೆ ಕಟ್ಟಿತ್ತು. ಅತಿಯಾಗಿ ಬೆಂದಾಗ ಬಿಳಿಯಲ್ಲಿರುವ ಗಂಧಕವೂ ಹಳದಿಯಲ್ಲಿರುವ ಕಬ್ಬಿಣವೂ ಸೇರಿ ಆಗುವ ಬಣ್ಣ ಅದು. ತಿಂದರೆ ತೊಂದರೆಯಿಲ್ಲ, ತಿನ್ನಲು ಮನಸ್ಸಾಗುವುದಿಲ್ಲ.

ಹಂತ 4: ಜನವರಿ 12, ಕುದಿಯುವ ನೀರಿಗೆ ನೇರವಾಗಿ

ಕುಕ್ಕರಿನಿಂದ ಒಂದು ಗುಮಾನಿ ಹುಟ್ಟಿತ್ತು: ಮೊಟ್ಟೆ ನಿಧಾನವಾಗಿ ಬಿಸಿಯಾದಾಗ ಬಿಳಿ ಒಳಪೊರೆಗೆ ಅಂಟಿಕೊಳ್ಳುತ್ತದೆ, ಒಮ್ಮೆಲೇ ಬಿಸಿ ತಗುಲಿದರೆ ಅಂಟುವುದಿಲ್ಲ. ಹಾಗಾಗಿ ತಪ್ಪಲೆಯಲ್ಲಿ 2 ಲೀಟರ್ ನೀರನ್ನು ಮೊದಲು ಕುದಿಸಿ, ಫ್ರಿಜ್ಜಿನಿಂದ ಆಗಷ್ಟೇ ತೆಗೆದ 8 ಮೊಟ್ಟೆಗಳನ್ನು ಕೈಯಿಂದಲೇ ಒಂದೊಂದಾಗಿ ಬಿಟ್ಟೆ. ಮೂರು ಮೊಟ್ಟೆಗಳು ತಳಕ್ಕೆ ಬಡಿದು ಟಪ್ಪೆಂದು ಬಿರುಕು ಬಿಟ್ಟು, ಬಿಳಿ ದಾರಗಳನ್ನು ಹೊರಚೆಲ್ಲಿದವು. ಉಳಿದ ಐದೂ ಸ್ವಚ್ಛವಾಗಿ ಸುಲಿದವು. ಡೈರಿಯಲ್ಲಿ “ಪರಿಹಾರ ಸಿಕ್ಕಿತು” ಎಂದು ಬರೆದು ಅಡಿಗೆರೆ ಎಳೆದೆ. ಆ ಗೆರೆ ಇನ್ನೂ ಹಾಗೆಯೇ ಇದೆ. ಅದರ ಪಕ್ಕದಲ್ಲಿ ಮೂರು ದಿನಗಳ ನಂತರ ಹಾಕಿದ ಪ್ರಶ್ನಾರ್ಥಕ ಚಿಹ್ನೆಯೂ ಇದೆ.

ಬಿರುಕಿನ ವಿಷಯವನ್ನು ಇಲ್ಲಿಯೇ ಮುಗಿಸುತ್ತೇನೆ. ಮುಂದಿನ ಸರದಿಗಳಲ್ಲಿ ಮೊಟ್ಟೆಗಳನ್ನು ಜಾಲರಿ ಸೌಟಿನಲ್ಲಿಟ್ಟು ತಳ ಮುಟ್ಟುವವರೆಗೆ ಇಳಿಸಿ ನಿಧಾನವಾಗಿ ಜಾರಿಸಿದೆ. ಅವು ನೀರಿಗಿಳಿದ ಮೇಲೆ ಉರಿಯನ್ನು ತಗ್ಗಿಸಿ ಮೊಟ್ಟೆಗಳು ಒಂದಕ್ಕೊಂದು ಕುಟ್ಟಿಕೊಳ್ಳದಂತೆ ನೋಡಿಕೊಂಡೆ. ಆಮೇಲೆ ಹತ್ತರಲ್ಲಿ ಒಂದು ಬಿರಿದರೆ ಹೆಚ್ಚು. ದಪ್ಪ ತುದಿಗೆ ಸೇಫ್ಟಿ ಪಿನ್ನಿನಿಂದ ತೂತು ಮಾಡುವ ಉಪಾಯವನ್ನೂ ಪ್ರಯತ್ನಿಸಿದೆ. ತೂತು ಮಾಡಿದವೂ ಮಾಡದವೂ ಒಂದೇ ಸಮ ಬಿರಿದವು. ಹೆಬ್ಬೆರಳಿಗೆ ಪಿನ್ನು ಚುಚ್ಚಿದ್ದು ಮಾತ್ರ ಲೆಕ್ಕದಲ್ಲಿ ಹೆಚ್ಚುವರಿ.

ಹಂತ 5: ಜನವರಿ 15, ನಿಮಿಷಗಳ ಲೆಕ್ಕ, ಮತ್ತು ನನ್ನ ತಪ್ಪು

ಹಿಂದಿನ ದಿನ ಸಂಕ್ರಾಂತಿಯಾದ್ದರಿಂದ ಮೊಟ್ಟೆಗೆ ಅಡುಗೆಮನೆಯಲ್ಲಿ ಪ್ರವೇಶವಿರಲಿಲ್ಲ. 15ರ ಸಂಜೆ, ಅಂಗಡಿಯ ಇಪ್ಪತ್ತರಲ್ಲಿ ಉಳಿದಿದ್ದ 6 ಮೊಟ್ಟೆಗಳಿಂದ ಸಮಯದ ಲೆಕ್ಕ ಹಾಕಲು ಕುಳಿತೆ. ಮಂಗಳೂರಿನಲ್ಲಿದ್ದಾಗ 10 ನಿಮಿಷಕ್ಕೆ ಗಟ್ಟಿಯಾಗುತ್ತಿದ್ದ ಹಳದಿ ಇಲ್ಲಿ ಅಷ್ಟರಲ್ಲಿ ನಡುವೆ ಮೆತ್ತಗೆ ಉಳಿಯುತ್ತದೆಂಬ ಅನುಮಾನ ಮೊದಲಿನಿಂದಲೂ ಇತ್ತು. 380 ರೂಪಾಯಿಗೆ ತರಿಸಿದ ಅಡುಗೆ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಇಳಿಬಿಟ್ಟಾಗ ಅದು 96 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಮೇಲೆ ನಿಂತಿತು. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಸುಮಾರು 300 ಮೀಟರ್ ಏರಿದಂತೆಲ್ಲ ನೀರು ಕುದಿಯುವ ಉಷ್ಣತೆ ಒಂದು ಡಿಗ್ರಿಯಷ್ಟು ಇಳಿಯುತ್ತದೆ. ಕರಾವಳಿಯ ನಿಮಿಷಗಳು ಘಟ್ಟದ ಮೇಲೆ ಹೊಂದದಿರುವುದಕ್ಕೆ ಇದೇ ಕಾರಣ.

ತಲಾ 55 ಗ್ರಾಂ ಆಸುಪಾಸಿನ, ಫ್ರಿಜ್ಜಿನ ತಂಪಿನಲ್ಲಿದ್ದ ಆ ಆರು ಮೊಟ್ಟೆಗಳನ್ನು ಒಟ್ಟಿಗೆ ಕುದಿಯುವ ನೀರಿಗಿಳಿಸಿ, ಒಂದೊಂದನ್ನು ಒಂದೊಂದು ಹೊತ್ತಿಗೆ ತೆಗೆದು, ಹೊಲಿಗೆ ದಾರದಿಂದ ಅಡ್ಡ ಕತ್ತರಿಸಿದೆ. ಚಾಕುವಿಗೆ ಹಳದಿ ಮೆತ್ತಿಕೊಳ್ಳುತ್ತದೆ. ದಾರವನ್ನು ಮೊಟ್ಟೆಗೆ ಒಂದು ಸುತ್ತು ಹಾಕಿ ಎರಡೂ ತುದಿಗಳನ್ನು ಎಳೆದರೆ ಹೋಳು ಕನ್ನಡಿಯಂತೆ ನುಣ್ಣಗಿರುತ್ತದೆ. 9 ನಿಮಿಷದ್ದರ ನಡುಭಾಗ ಜೋನಿಬೆಲ್ಲದಂತಿತ್ತು. 10 ನಿಮಿಷದ್ದರ ನಡುವೆ ಕಾಳುಮೆಣಸಿನಷ್ಟು ಒದ್ದೆ ಚುಕ್ಕೆ ಉಳಿದಿತ್ತು. 11ಕ್ಕೆ ಚುಕ್ಕೆ ಹೋಗಿ ಹಳದಿ ಕಿತ್ತಳೆಯ ಛಾಯೆಯಲ್ಲಿತ್ತು. 12ಕ್ಕೆ ಪೂರ್ತಿ ಗಟ್ಟಿ, 13ಕ್ಕೆ ಪುಡಿಪುಡಿ, 15ಕ್ಕೆ ಅಂಚಿನಲ್ಲಿ ಹಸಿರು ಗೆರೆಯ ಆರಂಭ. ಹಾಗೆಯೇ ಮೆಣಸು ಉದುರಿಸಿ ತಿನ್ನುವುದಕ್ಕೆ 11, ಸಾರಿನಲ್ಲಿ ಮತ್ತೆ ಬೇಯುವುದಕ್ಕೆ 12 ಎಂದು ನಿಶ್ಚಯಿಸಿದೆ. ಸಾರಿಗೆ ಹಾಕುವ ಮೊಟ್ಟೆಯ ಹಳದಿ ಮೆತ್ತಗಿದ್ದರೆ ಅದು ರಸದಲ್ಲಿ ಕದಡಿ ಬಣ್ಣ ಕೆಡಿಸುತ್ತದೆ.

ತಪ್ಪು ಗೊತ್ತಾದದ್ದು ಬೇಯಿಸುವ ಮೊದಲೇ. ಮೊಟ್ಟೆ ಕೆಟ್ಟಿದೆಯೇ ಎಂದು ನೋಡಲು ಆರನ್ನೂ ಒಂದು ಬೋಗುಣಿ ನೀರಿನಲ್ಲಿ ಬಿಟ್ಟಿದ್ದೆ. ಫಾರಂನಿಂದ ತಂದವನ್ನು ಹಿಂದೆ ತೊಳೆಯುವಾಗ ಅವು ತಳದಲ್ಲಿ ಅಡ್ಡಲಾಗಿ ಮಲಗಿದ್ದವು. ಅಂಗಡಿಯ ಇವು ಆರೂ ಚೂಪು ತುದಿಯ ಮೇಲೆ ನೆಟ್ಟಗೆ ನಿಂತವು. ಹಾಗೆ ನಿಲ್ಲುವುದೆಂದರೆ ದಪ್ಪ ತುದಿಯ ಗಾಳಿ ಗೂಡು ದೊಡ್ಡದಾಗಿದೆ ಎಂದರ್ಥ, ಅಂದರೆ ಮೊಟ್ಟೆಗೆ ವಾರಗಳೇ ಆಗಿವೆ. ತೇಲಿಬಿಟ್ಟಿದ್ದರೆ ಎಸೆಯುತ್ತಿದ್ದೆ, ನಿಂತವು ತಿನ್ನಲು ಚೆನ್ನಾಗಿಯೇ ಇದ್ದವು. ಭಾನುವಾರದ ಗೆಲುವಿಗೆ ಕುದಿಯುವ ನೀರು ಕಾರಣವೋ ಮೊಟ್ಟೆಯ ವಯಸ್ಸು ಕಾರಣವೋ ಎಂದು ಹೇಳಲು ನನ್ನ ಬಳಿ ಆಧಾರವೇ ಇರಲಿಲ್ಲ, ಏಕೆಂದರೆ ನಾನು ಎರಡನ್ನೂ ಒಟ್ಟಿಗೆ ಬದಲಿಸಿದ್ದೆ.

ಹಂತ 6: ಜನವರಿ 18, 25, ಫೆಬ್ರವರಿ 1, ಒಂದೇ ಟ್ರೇ, ಮೂರು ಶನಿವಾರ

ಈ ಬಾರಿ ಫಾರಂನಿಂದ ಮತ್ತೊಂದು ಟ್ರೇ ತಂದು, ಎಲ್ಲ 30 ಮೊಟ್ಟೆಗಳನ್ನೂ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿಟ್ಟೆ. ಪ್ರತಿ ಶನಿವಾರ 10 ಮೊಟ್ಟೆ: ಐದು ತಣ್ಣೀರಿನಿಂದ ಆರಂಭ, ನೀರು ಕುದಿಯತೊಡಗಿದ ಮೇಲೆ 10 ನಿಮಿಷ, ಐದು ನೇರವಾಗಿ ಕುದಿಯುವ ನೀರಿಗೆ, 12 ನಿಮಿಷ. ಎರಡೂ ಗುಂಪುಗಳು ತೆಗೆದ ಕೂಡಲೆ ನಲ್ಲಿಯ ನೀರಿಗೆ. ಸುಲಿಯುವ ಕೈ ಒಂದೇ, ನನ್ನದು. ಮೊದಲ ವಾರ ಸ್ಕೆಚ್ ಪೆನ್ನಿನಿಂದ ಬರೆದ ಗುರುತುಗಳು ಕುದಿಯುವ ನೀರಿನಲ್ಲಿ ಕರಗಿ ನೀರೆಲ್ಲ ನೀಲಿಯಾಯಿತು; ಪುಣ್ಯಕ್ಕೆ ಎರಡು ಗುಂಪುಗಳನ್ನು ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸಿದ್ದೆ. ಎರಡನೆಯ ವಾರದಿಂದ ಪೆನ್ಸಿಲ್ ಬಳಸಿದೆ, ಅದು ಅಳಿಯಲಿಲ್ಲ.

ಮೊದಲ ಶನಿವಾರ, ಅಂದರೆ ಇಟ್ಟು ಒಂದು ದಿನವಾಗಿದ್ದ ಮೊಟ್ಟೆಗಳಲ್ಲಿ, ತಣ್ಣೀರಿನ ಐದರಲ್ಲಿ ಒಂದೂ ಸ್ವಚ್ಛವಾಗಿ ಬರಲಿಲ್ಲ. ಬಿಸಿನೀರಿನ ಐದರಲ್ಲಿ ಮೂರು ಬಂದವು. ಎರಡನೆಯ ಶನಿವಾರ ತಣ್ಣೀರಿನದು 2, ಬಿಸಿನೀರಿನದು 4. ಉಳಿದ ಒಂದು ಬೇಯುವಾಗಲೇ ಬಿರಿದಿತ್ತು. ಮೂರನೆಯ ಶನಿವಾರ ತಣ್ಣೀರಿನದು 4, ಬಿಸಿನೀರಿನದು ಐದಕ್ಕೆ ಐದು.

ಆ ಕೊನೆಯ ಐದನ್ನು ಸುಲಿಯಲು ಎರಡೂವರೆ ನಿಮಿಷವೂ ಬೇಕಾಗಲಿಲ್ಲ. ಸಿಪ್ಪೆಯೂ ಒಳಪೊರೆಯೂ ಒಂದೇ ಬಟ್ಟೆಯ ಹಾಗೆ ಹೊಂದಿಕೊಂಡು, ಸುರುಳಿಯಾಗಿ ಇಳಿದುಬಂದವು. ಕೆಳಗೆ ಬಿಳಿ ಹೊಳೆಯುತ್ತಿತ್ತು. ಮೊಟ್ಟೆಯ ಸಿಪ್ಪೆಯಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳಿಂದ ದಿನಗಳೆದಂತೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿಯ ಕ್ಷಾರಗುಣ ಹೆಚ್ಚುತ್ತದೆ, ಆಗ ಅದು ಒಳಪೊರೆಯನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಸೋಡಾ ಹಾಕಿದಾಗ ಆಗಿದ್ದೂ ಬಹುಶಃ ಅದೇ ಕೆಲಸದ ಅವಸರದ ರೂಪ. ಹಾಗೆ ನೋಡಿದರೆ ಜನವರಿ 5ರಂದು ನಾನು ಹೆಮ್ಮೆಯಿಂದ ತಂದ ತಾಜಾತನವೇ ನನ್ನನ್ನು ಕೆಡಿಸಿತ್ತು, ಮತ್ತು ತಣ್ಣೀರು ಅದಕ್ಕೆ ಕೈಜೋಡಿಸಿತ್ತು.

ಹಂತ 7: ಫೆಬ್ರವರಿ 2 ಮತ್ತು 9, ಇಡ್ಲಿ ಪಾತ್ರೆ

ಬಿಸಿನೀರಿನ ಕ್ರಮದಲ್ಲಿ ಒಂದು ತೊಡಕು ಉಳಿದಿತ್ತು. ತಂಪು ಮೊಟ್ಟೆಗಳನ್ನು ಹತ್ತಾರು ಒಟ್ಟಿಗೆ ಇಳಿಸಿದರೆ ನೀರಿನ ಕುದಿ ನಿಂತುಹೋಗಿ, ಮತ್ತೆ ಕುದಿಯಲು ಮೂರು ನಾಲ್ಕು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಮೊಟ್ಟೆ ಮತ್ತೆ ನಿಧಾನವಾಗಿಯೇ ಬಿಸಿಯಾದಂತಾಯಿತು. ಒಲೆಯ ಪಕ್ಕದಲ್ಲಿ ತೊಳೆದು ಬೋರಲು ಹಾಕಿದ್ದ ಇಡ್ಲಿ ತಟ್ಟೆಗಳನ್ನು ನೋಡಿದಾಗ, ಆ ಗುಳಿಗಳು ಮೊಟ್ಟೆಗೆಂದೇ ಮಾಡಿದಂತೆ ಕಂಡವು. ಒಂದು ತಟ್ಟೆಗೆ ನಾಲ್ಕು, ಮೂರು ತಟ್ಟೆಗೆ ಹನ್ನೆರಡು; ಅಡ್ಡಲಾಗಿ ಮಲಗಿಸಿದರೆ ಅಲುಗಾಡುವುದಿಲ್ಲ, ಒಂದಕ್ಕೊಂದು ಕುಟ್ಟಿಕೊಳ್ಳುವುದಿಲ್ಲ.

ಫೆಬ್ರವರಿ 2ರ ಮೊದಲ ಪ್ರಯತ್ನ ನಾಚಿಕೆಗೇಡಿನದು. ಎರಡೇ ಲೋಟ ನೀರು ಹಾಕಿ, ಅದು ಕುದಿದ ಮೇಲೆ 8 ಮೊಟ್ಟೆಗಳನ್ನು ಇಟ್ಟು, ದೊಡ್ಡ ಉರಿಯಲ್ಲಿ ಬಿಟ್ಟು ಫೋನಿನಲ್ಲಿ ಮಾತನಾಡಲು ಹೋದೆ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಹತ್ತನೆಯ ನಿಮಿಷಕ್ಕೆ ಸೀದ ವಾಸನೆ ಬಂದು ಓಡಿ ಬಂದಾಗ ನೀರೆಲ್ಲ ಆರಿ, ಪಾತ್ರೆಯ ತಳ ನವಿಲುಗರಿಯ ಬಣ್ಣಕ್ಕೆ ತಿರುಗಿತ್ತು. ಗಾಬರಿಯಲ್ಲಿ ಮುಚ್ಚಳವನ್ನು ನನ್ನ ಕಡೆಗೆ ವಾಲಿಸಿ ತೆಗೆದದ್ದು ಇನ್ನೊಂದು ತಪ್ಪು. ಉಳಿದಿದ್ದ ಆವಿ ಬಲ ಮಣಿಕಟ್ಟಿಗೆ ಬಡಿದು ಎರಡು ರೂಪಾಯಿ ನಾಣ್ಯದಗಲ ಬೊಬ್ಬೆ ಎದ್ದಿತು. ಹತ್ತು ನಿಮಿಷ ನಲ್ಲಿಯ ಕೆಳಗೆ ಕೈ ಹಿಡಿದು ನಿಂತೆ. ಮುಚ್ಚಳವನ್ನು ಯಾವಾಗಲೂ ಆಚೆ ಬದಿಯಿಂದ ಎತ್ತಬೇಕೆಂದು ಇಡ್ಲಿ ಮಾಡುವ ಯಾರಿಗಾದರೂ ಗೊತ್ತಿರುತ್ತದೆ. ನಾನು ತಿನ್ನುವವರ ಪೈಕಿ.

9ರಂದು ನೀರನ್ನು ಅಳೆದು 1 ಲೀಟರ್ ಹಾಕಿದೆ. ಇಷ್ಟು ಹಾಕಿದರೆ ಕೆಳಗಿನ ತಟ್ಟೆ ಮುಳುಗುತ್ತಿತ್ತಾದ್ದರಿಂದ ತಟ್ಟೆಗಳ ಕಂಬದ ಕೆಳಗೆ ಒಂದು ಸ್ಟೀಲ್ ಬಟ್ಟಲನ್ನು ಬೋರಲು ಹಾಕಿ ಎತ್ತರ ಕೊಟ್ಟೆ. ನೀರು ಭರದಿಂದ ಕುದಿದು ಮುಚ್ಚಳದ ಸುತ್ತ ಆವಿ ಹೊರಡುವವರೆಗೆ ಕಾದು, ಮೊಟ್ಟೆ ಜೋಡಿಸಿದ ಕಂಬವನ್ನು ಬಟ್ಟೆ ಹಿಡಿದು ಇಳಿಸಿ, ಮುಚ್ಚಳ ಹಾಕಿ, ಉರಿಯನ್ನು ಮಧ್ಯಮಕ್ಕೆ ತಂದೆ. 13 ನಿಮಿಷ. ಅಂಗಡಿಯ ಮೊಟ್ಟೆ 12, ಬಿರಿದದ್ದು ಒಂದೂ ಇಲ್ಲ. ಸ್ವಚ್ಛ 11, ಗಾಯ 1. ಕುದಿಯುವ ನೀರಿಗಿಂತ ಒಂದು ನಿಮಿಷ ಹೆಚ್ಚು ಏಕೆ ಬೇಕಾಯಿತೆಂದರೆ 12ಕ್ಕೆ ತೆಗೆದು ನೋಡಿದ ಮೇಲಿನ ತಟ್ಟೆಯ ಒಂದರಲ್ಲಿ ಒದ್ದೆ ಚುಕ್ಕೆ ಕಂಡಿತ್ತು. ನನ್ನ ಮುಚ್ಚಳ ಸಡಿಲವಾಗಿರುವುದು ಇದಕ್ಕೆ ಕಾರಣವಿರಬಹುದು. ಬೇರೆಯವರು ತಮ್ಮ ಪಾತ್ರೆಯಲ್ಲಿ ಒಂದು ಮೊಟ್ಟೆಯನ್ನು ಕತ್ತರಿಸಿ ನೋಡಿಯೇ ನಿಮಿಷವನ್ನು ಗೊತ್ತುಮಾಡಿಕೊಳ್ಳಬೇಕು.

ಹಂತ 8: ಫೆಬ್ರವರಿ 12, ಸುಲಿಯುವ ಕೈ

ಇಷ್ಟು ದಿನ ಬೇಯಿಸುವುದರ ಮೇಲೆಯೇ ಕಣ್ಣಿಟ್ಟಿದ್ದ ನನಗೆ ಸುಲಿಯುವುದನ್ನು ಕಲಿಸಿದವರು ನಮ್ಮ ಬೀದಿಯಲ್ಲಿಯೇ ಇರುವ, ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುವ ಮಹಿಳೆ. ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಆರಂಭವಾದ ಮೇಲೆ ಅವರ ಕೈಯಲ್ಲಿ ಒಂದು ಬೆಳಿಗ್ಗೆಗೆ ಇನ್ನೂರರಷ್ಟು ಮೊಟ್ಟೆ ಸುಲಿಯುತ್ತವೆ. ನನ್ನ ಡೈರಿಯನ್ನು ತೋರಿಸಿದಾಗ ಅವರು ಮೂರು ಶನಿವಾರಗಳ ಲೆಕ್ಕವನ್ನು ನೋಡಿ ನಕ್ಕು, “ನಿನ್ನೆ ಇಟ್ಟ ಮೊಟ್ಟೆ ಬೇಯಿಸಿದ್ರೆ ಸುಲಿಯೋಕೆ ಸಂಜೆ ಆಗುತ್ತೆ, ಇದಕ್ಕೆ ಇಷ್ಟು ಬರೀಬೇಕಾ?” ಎಂದರು. ಏಳು ಪುಟಗಳ ಸಾರವನ್ನು ಅವರು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದರು.

ಅವರು ಮಾಡುವ ರೀತಿ ಹೀಗಿದೆ. ಬೆಂದ ಮೊಟ್ಟೆಗಳನ್ನು ಬಸಿದು ತಣ್ಣೀರು ಸುರಿದ ಕೂಡಲೆ, ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಕಿ ಕೇರುವ ಹಾಗೆ ಮೆಲ್ಲಗೆ ಆಡಿಸುತ್ತಾರೆ. ಮೊಟ್ಟೆಗಳು ಒಂದಕ್ಕೊಂದು ತಾಗಿ ಸಿಪ್ಪೆಯಲ್ಲೆಲ್ಲ ಸಣ್ಣ ಬಿರುಕುಗಳು ಮೂಡುತ್ತವೆ. ಅದೇ ನೀರಿನಲ್ಲಿ ಐದು ನಿಮಿಷ ಬಿಟ್ಟರೆ ಬಿರುಕುಗಳ ಮೂಲಕ ನೀರು ಒಳಗಿಳಿದು ಪೊರೆಯನ್ನು ಸಡಿಲಗೊಳಿಸುತ್ತದೆ. ಆಮೇಲೆ ಮೊಟ್ಟೆಯನ್ನು ನೀರಿನೊಳಗೇ ಹಿಡಿದು, ದಪ್ಪ ತುದಿಯ ಗಾಳಿ ಗೂಡಿನ ಮೇಲೆ ಹೆಬ್ಬೆರಳು ಒತ್ತಿ, ಉಗುರಿನಿಂದಲ್ಲ, ಬೆರಳಿನ ತಿರುಳಿನಿಂದ ಪೊರೆಯ ಅಡಿಗೆ ನುಗ್ಗಬೇಕು. ಉಗುರು ಬಿಳಿಗೆ ತಾಗಿದರೆ ಗಾಯ ಖಚಿತ. ನಾನು ಅಷ್ಟು ದಿನವೂ ಚೂಪು ತುದಿಯಿಂದ, ಉಗುರಿನಿಂದ, ಒಣಗಿನಲ್ಲಿ ಸುಲಿಯುತ್ತಿದ್ದೆ, ಮೂರೂ ತಪ್ಪು.

ವಿಡಿಯೊಗಳಲ್ಲಿ ಕಾಣುವ ಉಪಾಯಗಳನ್ನೂ ಬಿಟ್ಟಿರಲಿಲ್ಲ. ಮುಚ್ಚಳದ ಡಬ್ಬಿಯಲ್ಲಿ ಸ್ವಲ್ಪ ನೀರು ಹಾಕಿ ಮೊಟ್ಟೆಯನ್ನು ಕುಲುಕುವ ಕ್ರಮ ಎರಡು ಮೊಟ್ಟೆಗಳಿದ್ದಾಗ ನಡೆಯಿತು. ಐದು ಹಾಕಿ ಹುರುಪಿನಿಂದ ಕುಲುಕಿದಾಗ ಡಬ್ಬಿಯಲ್ಲಿ ಉಳಿದದ್ದು ಬುರ್ಜಿ. ಚಮಚವನ್ನು ಪೊರೆಯ ಅಡಿಗೆ ತೂರಿಸಿ ತಿರುಗಿಸುವುದು ವೇಗವಾದ ಕ್ರಮ, ಆದರೆ ಚಮಚದ ಅಂಚು ತೆಳ್ಳಗಿರಬೇಕು. 149 ರೂಪಾಯಿಯ ಪ್ಲಾಸ್ಟಿಕ್ ಸುಲಿಯುವ ಸಾಧನ ಒಂದೇ ಮೊಟ್ಟೆಯನ್ನು ಸುಲಿದು, ಎರಡನೆಯದರಲ್ಲಿ ಹಿಡಿ ಮುರಿದುಕೊಂಡಿತು. ಮಂಜುಗಡ್ಡೆಯ ನೀರೂ ನಲ್ಲಿಯ ನೀರೂ ಸುಲಿತದಲ್ಲಿ ನನಗೆ ವ್ಯತ್ಯಾಸ ತೋರಿಸಲಿಲ್ಲ. ಜನವರಿಯಲ್ಲಿ ನಮ್ಮ ನಲ್ಲಿಯ ನೀರು ಹೇಗಿದ್ದರೂ ಕೈ ಮರಗಟ್ಟಿಸುತ್ತದೆ. ತಂಪು ನೀರಿಗೆ ಹಾಕುವುದರ ನಿಜವಾದ ಲಾಭ ಬೇರೆ: ಮೊಟ್ಟೆ ತನ್ನ ಬಿಸಿಯಲ್ಲಿಯೇ ಮತ್ತೂ ಬೇಯುವುದು ನಿಂತು, ಹಸಿರು ಬಳೆ ಕಟ್ಟುವುದಿಲ್ಲ.

ಹಂತ 9: ಫೆಬ್ರವರಿ 16, ನಾಟಿ ಮೊಟ್ಟೆಗೆ ಸೋತದ್ದು

ಅಮ್ಮ ಊರಿನಿಂದ ಕಳಿಸಿದ 6 ನಾಟಿ ಕೋಳಿ ಮೊಟ್ಟೆಗಳು, ತಲಾ 40ರಿಂದ 44 ಗ್ರಾಂ, ಹೊಟ್ಟು ತುಂಬಿದ ಡಬ್ಬಿಯಲ್ಲಿ ಬಂದವು. ಎರಡು ದಿನದ ಹಿಂದೆ ಇಟ್ಟವು. ಗಾತ್ರ ಚಿಕ್ಕದಾದ್ದರಿಂದ ಇಡ್ಲಿ ಪಾತ್ರೆಯಲ್ಲಿ 11 ನಿಮಿಷ ಬೇಯಿಸಿ, ನೀರಿನಲ್ಲಿ ಬಿರುಕು ಬಿಡಿಸಿ, ಕಲಿತದ್ದನ್ನೆಲ್ಲ ಒಪ್ಪವಾಗಿ ಪಾಲಿಸಿದೆ. ಸ್ವಚ್ಛ 1, ಗಾಯ 2, ಹಾಳು 3. ಸಿಪ್ಪೆ ಗಟ್ಟಿ, ಪೊರೆ ಇನ್ನೂ ಗಟ್ಟಿ, ಬಿಳಿ ಮೆತ್ತಗೆ. ರುಚಿಯ ಮಾತು ಬೇರೆ. ಹಾಳಾದ ಮೂರನ್ನು ಉಪ್ಪು ಮೆಣಸಿನೊಂದಿಗೆ ಒಲೆಯ ಮುಂದೆಯೇ ನಿಂತು ತಿಂದು ಮುಗಿಸಿದೆ.

ಹಂತ 10: ಫೆಬ್ರವರಿ 23, ಭಾನುವಾರ, ಅದೇ ನೆಂಟರು

ಫೆಬ್ರವರಿ 8ರಂದೇ ಒಂದು ಟ್ರೇ ತಂದು ಫ್ರಿಜ್ಜಿನಲ್ಲಿ 15 ದಿನ ಇಟ್ಟಿದ್ದೆ. ಬೆಳಿಗ್ಗೆ ನೀರಿನಲ್ಲಿ ಬಿಟ್ಟು ನೋಡಿದಾಗ ಹೆಚ್ಚಿನವು ಓರೆಯಾಗಿ ಎದ್ದು ನಿಂತಿದ್ದವು, ತೇಲಿದ್ದು ಒಂದೂ ಇರಲಿಲ್ಲ. ಎರಡು ಸರದಿಯಲ್ಲಿ 24 ಮೊಟ್ಟೆಗಳನ್ನು ಇಡ್ಲಿ ಪಾತ್ರೆಯಲ್ಲಿ 13 ನಿಮಿಷ ಬೇಯಿಸಿ, ಎರಡನೆಯ ಸರದಿಗೆ ಮುನ್ನ ನೀರನ್ನು ಮತ್ತೆ 1 ಲೀಟರಿಗೆ ತುಂಬಿಸಿದೆ. ಸುಲಿಯಲು ಹಿಡಿದದ್ದು 14 ನಿಮಿಷ. ಸ್ವಚ್ಛ 21, ಗಾಯ 2, ಹಾಳು 1. ಆ ಒಂದು ಹಾಳಾದದ್ದು ನಡುವೆ ಕರೆಗಂಟೆ ಸದ್ದಾಗಿ ನಾನು ಅವಸರದಲ್ಲಿ ಉಗುರು ಹಾಕಿದ್ದರಿಂದ. ಸಾರಿನಲ್ಲಿ ಹಾಕುವ ಮೊದಲು ಪ್ರತಿಯೊಂದಕ್ಕೂ ಚಾಕುವಿನಿಂದ ಉದ್ದಕ್ಕೆ ನಾಲ್ಕು ಗೀರು ಎಳೆದೆ, ಮಸಾಲೆ ಒಳಗಿಳಿಯಲೆಂದು. ಏಳು ವಾರ ಗಾಯವಿಲ್ಲದ ಮೊಟ್ಟೆಗಾಗಿ ಹೆಣಗಿ, ಕೊನೆಗೆ ನಾನೇ ಗಾಯ ಮಾಡಿದ್ದನ್ನು ಮನೆಯವರು ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದರು.

ಖರ್ಚು: ಮೂರು ಟ್ರೇ 585, ಅಂಗಡಿಯ 40 ಮೊಟ್ಟೆ 280, ವಿನೆಗರ್ 40, ಥರ್ಮಾಮೀಟರ್ 380, ಮುರಿದ ಸಾಧನ 149, ಒಟ್ಟು 1,434 ರೂಪಾಯಿ. ಮೊಟ್ಟೆಗಳೆಲ್ಲ ಹೊಟ್ಟೆಗೇ ಹೋದವಾದ್ದರಿಂದ ನಿಜವಾಗಿ ದಂಡವಾದದ್ದು 149 ರೂಪಾಯಿ ಮತ್ತು ವಿನೆಗರ್. ತಪ್ಪಲೆಯ ಕಪ್ಪು ಗೆರೆಗೂ ಇಡ್ಲಿ ಪಾತ್ರೆಯ ತಳದ ಬಣ್ಣಕ್ಕೂ ಬೆಲೆ ಕಟ್ಟಿಲ್ಲ.

ಬಾಕಿ ಉಳಿದ ಕೆಲಸ ನಾಟಿ ಮೊಟ್ಟೆಯದು. ಫೆಬ್ರವರಿ 24ರಂದು ಅಮ್ಮ ಮತ್ತೆ ಆರು ಕಳಿಸಿದರು. ಪ್ರತಿಯೊಂದರ ಮೇಲೂ ಪೆನ್ಸಿಲಿನಿಂದ ದಿನಾಂಕ ಹಾಕಿ, “ಮಾರ್ಚ್ 10ರವರೆಗೆ ಮುಟ್ಟಬಾರದು” ಎಂದು ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಇದನ್ನು ಬರೆಯುತ್ತಿರುವ 27ರ ರಾತ್ರಿ ಎಣಿಸಿ ನೋಡಿದಾಗ ಡಬ್ಬಿಯಲ್ಲಿ ನಾಲ್ಕಿವೆ; ಬೆಳಿಗ್ಗೆ ಯಾರೋ ಆಮ್ಲೆಟ್ ಮಾಡಿಕೊಂಡಿದ್ದಾರೆ.